ಗೋಣಿಚೀಲಕ್ಕೆ ಮೊದಲು ಹೊಯಿಗೆ ತೊಟ್ಟಿ

ಮಾನ್ಯರೇ,

ಮನೆಯೊಳಗೆ ಹೇಸಿಗೆ ಮಾಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ದೂರದ ಮೀನುಪೇಟೆಗೆ ಬಿಟ್ಟುಬರುವ ರೂಢಿ ನಮ್ಮ ಜಿಲ್ಲೆಯಲ್ಲಿ ಇನ್ನೂ ನಿಂತಿಲ್ಲ. ಉಪವಾಸ ಬೀಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆಯ ಮಾತು ಹಾಗಿರಲಿ, ಈ ದೂರಿಗೆ ಮನೆಯಲ್ಲೇ ಪರಿಹಾರವಿದೆ.

ಬೇಸಿಗೆಯಲ್ಲಿ ತೋಟದ ಮಣ್ಣು ಕೆದರಿ ಮುಚ್ಚಿಬರುವ ಬೆಕ್ಕಿಗೆ ಜೂನ್ ಬಂತೆಂದರೆ ಹೊರಗೆಲ್ಲ ಕೆಸರು. ಒಣಗಿದ್ದು, ಕೆದರಲು ಸಿಗುವುದು ಬಚ್ಚಲ ಒಲೆಯ ಬೂದಿ, ಇಲ್ಲವೇ ಅಟ್ಟದ ಅಡಿಕೆ ರಾಶಿ. ಅದಕ್ಕೇ ಮಳೆ ಹಿಡಿಯುವ ಮೊದಲೇ ಅಗಲವಾದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಎರಡು ಇಂಚು ಒಣ ಹೊಯಿಗೆ ಹಾಕಿಡಬೇಕು. ಕಡಲ ದಂಡೆಯದಾದರೆ ಸಿಹಿನೀರಲ್ಲಿ ತೊಳೆದು ಒಣಗಿಸಿ. ಉಪ್ಪು ಉಳಿದರೆ ಮಳೆಗಾಲವಿಡೀ ಜಿನುಗುತ್ತದೆ. ಬೂದಿ ಬೇಡ, ಒದ್ದೆಯಾದರೆ ಪಾದ ಸುಡುತ್ತದೆ. ತೊಟ್ಟಿಯನ್ನು ಮೊದಲು ಬೆಕ್ಕು ಹೊಲಸು ಮಾಡುವ ಜಾಗದಲ್ಲೇ ಇಟ್ಟು, ರೂಢಿಯಾದ ಮೇಲೆ ದಿನಕ್ಕೊಂದು ಗೇಣು ಸರಿಸುತ್ತ ಬೇಕಾದ ಮೂಲೆಗೆ ಒಯ್ಯಬಹುದು. ಊಟದ ತಟ್ಟೆಯ ಹತ್ತಿರ ಮಾತ್ರ ಇಡಬಾರದು. ಎರಡು ಬೆಕ್ಕಿದ್ದರೆ ಮೂರು ತೊಟ್ಟಿ. ದಿನವೂ ಬಾಚಿ ತೆಗೆಯದಿದ್ದರೆ ಬೆಕ್ಕು ಮತ್ತೆ ಅಟ್ಟ ಹತ್ತುತ್ತದೆ, ತಪ್ಪು ಅದರದ್ದಲ್ಲ.

ಹೊಲಸಾದ ಜಾಗಕ್ಕೆ ಫಿನಾಯಿಲ್ ಸುರಿಯುವುದು ಎಲ್ಲಕ್ಕಿಂತ ಅಪಾಯ. ಬೆಕ್ಕು ಆ ನೆಲ ತುಳಿದು ಪಾದ ನೆಕ್ಕುತ್ತದೆ, ಫಿನಾಯಿಲ್‌ನಲ್ಲಿರುವ ಫೀನಾಲೆಂಬ ರಾಸಾಯನಿಕವನ್ನು ಸರಿಯಾಗಿ ಅರಗಿಸುವ ಶಕ್ತಿ ಅದರ ಯಕೃತ್ತಿಗೆ ಇಲ್ಲ. ನುಸಿಗುಳಿಗೆಯೂ ವಿಷವೇ. ಬರೀ ನೀರಲ್ಲಿ ತೊಳೆದರೆ ಮೂತ್ರದ ಯೂರಿಕ್ ಆಮ್ಲದ ಹರಳು ಕರಗದೆ ಉಳಿದು, ಹವೆಯಲ್ಲಿ ತೇವ ಹೆಚ್ಚಿದಾಗ ನಾತ ಮರಳುತ್ತದೆ. ಆ ವಾಸನೆಗೇ ಬೆಕ್ಕು ಅಲ್ಲಿಗೆ ಹೋಗುವುದು. ಟೈಲ್ಸ್ ನೆಲವಾದರೆ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಹಳೆಯ ಕೆಂಪು ಗಾರೆಗೆ ವಿನಿಗರ್ ತಾಗಿದರೆ ಹೊಳಪು ಹೋಗುತ್ತದೆ, ಅಲ್ಲಿ ಮೂತ್ರದ ಕಲೆಯನ್ನು ಒಡೆಯುವ ಎನ್‌ಜೈಮ್ ದ್ರಾವಣವೇ ಸರಿ. ಹಾಕಿದ ಕೂಡಲೇ ಒರೆಸದೆ ಕಾಲು ಗಂಟೆ ನೆನೆಯಲು ಬಿಡಬೇಕು.

ಬೆಕ್ಕಿನ ಮೂತಿಯನ್ನು ಉಚ್ಚೆಗೆ ತಿಕ್ಕುವವರಿದ್ದಾರೆ. ಅದರಿಂದ ಅದು ಕಲಿಯುವುದು ನಿಮ್ಮ ಕಣ್ತಪ್ಪಿಸಿ ಮಂಚದಡಿ ಹೋಗುವುದನ್ನು, ಅಷ್ಟೆ.

ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತ ಗೋಡೆಗೆ ಚಿಮ್ಮಿಸುವುದು ಬೇರೆಯೇ ಸಂಗತಿ. ಅದು ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ಗಂಡಿನ ಗಡಿ ಗುರುತು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹುಪಾಲು ನಿಲ್ಲುತ್ತದೆ. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬಾರದಿದ್ದರೆ ಅದು ಚಾಳಿಯಲ್ಲ, ಮೂತ್ರ ಕಟ್ಟಿದೆ. ಅಂದೇ ವೈದ್ಯರಲ್ಲಿಗೆ ಒಯ್ಯದಿದ್ದರೆ ಜೀವಕ್ಕೇ ಸಂಚಕಾರ.

ಸೋಫಾ ಪರಚುವ ಬೆಕ್ಕಿಗೆ ಮೂರಡಿ ಅಡಿಕೆ ದಬ್ಬೆಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ, ಸೋಫಾದ ಪಕ್ಕದಲ್ಲೇ ಅಲುಗದಂತೆ ನಿಲ್ಲಿಸಿ. ಅಲುಗಾಡಿದರೆ ಅತ್ತ ಸುಳಿಯುವುದಿಲ್ಲ. ಇನ್ನು ಬಂಗಡೆ ಕೊಯ್ಯುವಾಗ ಕಾಲಿಗೆ ಸುತ್ತುತ್ತದೆಂದು ಒಂದು ತಲೆ ಎಸೆಯುವವರು ದಿನಾ ಕೂಗುವುದನ್ನು ತಾವೇ ಕಲಿಸಿದಂತೆ. ಕೊಯ್ದು ಮುಗಿದ ಮೇಲೆ, ಹೊರಗೆ, ಅದರ ತಟ್ಟೆಗೇ ಹಾಕಲಿ.

ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು. ಆದ್ದರಿಂದ ತಾಲ್ಲೂಕು ಪಶು ಆಸ್ಪತ್ರೆಗಳು ಬೆಕ್ಕುಗಳ ಶಸ್ತ್ರಚಿಕಿತ್ಸೆಗೆಂದೇ ವಾರದಲ್ಲೊಂದು ದಿನ ಗೊತ್ತುಮಾಡಿ, ಮೇ ತಿಂಗಳೊಳಗೆ ಗ್ರಾಮ ಪಂಚಾಯಿತಿಗಳ ಮೂಲಕ ತಿಳಿಸಲಿ. ದಿನ ಗೊತ್ತಿದ್ದರೆ ಸಿದ್ದಾಪುರ, ಯಲ್ಲಾಪುರದ ಹಳ್ಳಿಯವರೂ ಬುಟ್ಟಿಗೆ ಮುಚ್ಚಳ ಕಟ್ಟಿಕೊಂಡು ಬೆಳಗಿನ ಬಸ್ ಹತ್ತಿಯಾರು.

– ಓದುಗ, ಶಿರಸಿ