ಮೊಟ್ಟೆ ಬಿಟ್ಟರಷ್ಟೇ ವೀಗನ್ ಅಲ್ಲ

ಮಾನ್ಯರೇ,

ಹೋದ ಭಾನುವಾರ ನಮ್ಮ ಬಡಾವಣೆಯ ವೀಗನ್ (ಪ್ರಾಣಿಗಳಿಂದ ಬರುವ ಏನನ್ನೂ ಬಳಸದ) ಬೇಕಿಂಗ್ ಸ್ಪರ್ಧೆಗೆ ಮೊದಲ ಸಲ ಹೋಗಿದ್ದೆ. ನನ್ನದು ತೆಂಗಿನ ಹಾಲು, ಬೆಲ್ಲದ ರಾಗಿ ಕೇಕ್. ಮೊಟ್ಟೆ ಬದಲು ಕಾಬೂಲಿ ಕಡಲೆ ಬೇಯಿಸಿದ ಕಟ್ಟು. ಸಾರಿಗೆ ಹೋಗುವ ಅದೇ ಕಟ್ಟು! ತಣ್ಣಗೆ ಮಾಡಿ ಹತ್ತು ನಿಮಿಷ ಬೀಟರ್ ಹಿಡಿದರೆ ಬೆಳ್ಳಗೆ ಗಟ್ಟಿ ನೊರೆ ಏಳುತ್ತದೆ, ಪಾತ್ರೆ ಬೋರಲು ಹಾಕಿದರೂ ಬೀಳುವುದಿಲ್ಲ. 2014ರಲ್ಲಿ ಫ್ರಾನ್ಸ್‌ನ ಜೋಯೆಲ್ ರೋಸೆಲ್ ಕಾಳಿನ ನೀರಿನ ಈ ಗುಣ ತೋರಿಸಿಕೊಟ್ಟರು.

ಬಹುಮಾನ ಮಾತ್ರ ಬೆಣ್ಣೆ ಕೇಕಿಗೆ ಹೋಯಿತು. ಬೇಜಾರಾಯಿತು. ಮಾಡಿದವರದು ತಪ್ಪಲ್ಲ, ಮೊಟ್ಟೆ ಬಿಟ್ಟರೆ ಸಾಕು ಅಂದುಕೊಂಡಿದ್ದರು. ನಿಯಮದಲ್ಲೂ ಬರೆದಿರಲಿಲ್ಲ. ಹಾಲು, ಬೆಣ್ಣೆ, ತುಪ್ಪ, ಜೇನು ಯಾವುದೂ ಕೂಡದು ಅಂತ ಆಯೋಜಕರು ಅರ್ಜಿಯಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಲಿ.

– ಓದುಗರೊಬ್ಬರು, ಮೈಸೂರು