ಪಟ್ಟಿಯಲ್ಲಿ ಹೆಸರು ಉಳಿಸಿದವರಿಗೆ

ಮುಂದಿನ ಸೀಸನ್‌ಗೆ ನಮ್ಮ ಕ್ರಿಕೆಟ್ ತಂಡದ ಪಟ್ಟಿ ಬಂತು. ಆಲ್‌ರೌಂಡರ್, ಅಂದರೆ ಬ್ಯಾಟಿಂಗ್, ಬೌಲಿಂಗ್ ಎರಡೂ ಮಾಡೋನು ಅಂತ ನನ್ನ ಹೆಸರೂ ಇದೆ. ವಯಸ್ಸು ನಲವತ್ತೊಂದು! ಫೋನ್ ಮಾಡಿದವರಿಗೆಲ್ಲ ಒಬ್ಬೊಬ್ಬರಾಗಿ ಹೇಳೋಕೆ ಆಗ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊಣಕಾಲಿನ ಕಥೆ ನಿಮಗೆಲ್ಲ ಬಾಯಿಪಾಠ ಆಗಿದೆ, ಅದನ್ನು ಬಿಡೋಣ.

ಆಪರೇಷನ್ ಮಾಡಿದ ಡಾಕ್ಟರಿಗೆ, ಬೈದು ಬೈದು ಮೆಟ್ಟಿಲು ಹತ್ತಿಸಿದ ಫಿಸಿಯೋ ಮೇಡಂಗೆ, ಧಾರವಾಡದಿಂದ ಚಿಗರಿ ಬಸ್ಸಲ್ಲಿ ಪೇಢೆ ಡಬ್ಬಿ ಹಿಡಿದು ಬಂದ ಹುಡುಗರಿಗೆ, ದುರ್ಗದಬೈಲಿನ ಅಂಗಡಿ ನೋಡಿಕೊಂಡ ತಮ್ಮನಿಗೆ, ನಮ್ಮ ಕ್ಯಾಪ್ಟನ್‌ಗೆ ತುಂಬಾ ಥ್ಯಾಂಕ್ಸ್. ಮನೆಯವಳಿಗೆ ಇಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಂಡರೆ ರಾತ್ರಿ ಊಟ ಸಿಗಲ್ಲ. ಅದನ್ನು ಮನೆಯಲ್ಲೇ ಹೇಳ್ತೀನಿ.

ಇನ್ನು ನಮ್ಮ ಸ್ಕೋರರ್ ಕಾಕಾ.

ಆಪರೇಷನ್ ಆದ ರಾತ್ರಿ "ಮನ್ಯಾಗ ಹುಡುಗ್ರು ಅದಾವು, ನೀ ಹೋಗವಾ" ಅಂತ ನನ್ನ ಹೆಂಡತಿಯನ್ನು ಕಳಿಸಿ, ಕಾಕಾ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಅರವಳಿಕೆ ಇಳಿದ ಮೇಲೆ ನನಗೆ ನೋವು ತಡೆಯೋಕೆ ಆಗಲಿಲ್ಲ. ನೋವಿಗಿಂತ ಜಾಸ್ತಿ ಕಾಡಿದ್ದು ಬೇರೆಯೇ. ಹದಿನಾಲ್ಕರ ವಯಸ್ಸಿಂದ ಭಾನುವಾರ ಅಂದ್ರೆ ಗ್ರೌಂಡು. ಅದು ಹೋದರೆ ನಾನು ಅಂಗಡಿಯಲ್ಲಿ ಸ್ವಿಚ್ಚು, ವೈರು ಅಳೆದು ಕೊಡೋನು, ಅಷ್ಟೇ. ಸಣ್ಣ ಹುಡುಗನ ಹಾಗೆ ಅತ್ತೆ. ಕಿಟ್ ಮಾರಿಬಿಡ್ತೀನಿ ಕಾಕಾ ಅಂದೆ.

"ಅಳೂದಿದ್ರ ಅತ್ತು ಮುಗಿಸು ತಮ್ಮಾ. ಆಮ್ಯಾಲ ಇದನ್ನ ನೋಡೂಣು" ಅಂತ ಕೈಚೀಲದಿಂದ ಸ್ಕೋರ್‌ಬುಕ್ ತೆಗೆದರು. ತಂಡ ಆರಿಸೋ ಕಮಿಟಿಗೆ ಕೊಡಲು ಸೀಸನ್ ಲೆಕ್ಕ ಬರೆಯುತ್ತಿದ್ದರಂತೆ, ಹಾಗೇ ತಂದಿದ್ದರು.

ಕಾಕಾನ ಸ್ಕೋರ್‌ಬುಕ್ ನೋಡಿದವರಿಗೆ ಗೊತ್ತು. ಪೆನ್ಸಿಲ್ಲಿನ ಅಕ್ಷರ, ಒಂದು ಕಡೆಯೂ ಗೀಚಿಲ್ಲ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ 10-6-6-5 ಅಂತ ಬರೆದಿರ್ತಾರೆ. ನಮ್ಮ ಗದಗದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದವರಿಗೆ ಹಾಕಿದ ಲೆಕ್ಕ ಅದು. ಹತ್ತು ಓವರ್, ಅದರಲ್ಲಿ ರನ್ನೇ ಕೊಡದ ಮೇಡನ್ ಓವರ್ ಆರು, ಆರು ರನ್, ಐದು ವಿಕೆಟ್. ಆದರೆ ಕಾಕಾಗೆ ಅದಕ್ಕಿಂತ ಇಷ್ಟ ಮರುವರ್ಷದ ಢಾಕಾ ಟೆಸ್ಟ್. ಬಾಂಗ್ಲಾದೇಶದ ಮೊದಲ ಟೆಸ್ಟಲ್ಲಿ ಜೋಶಿ ಎಂಟು ವಿಕೆಟ್ ತೆಗೆದು, ಬ್ಯಾಟಿಂಗಲ್ಲಿ 92 ಹೊಡೆದಿದ್ದರು. "ಆಲ್‌ರೌಂಡರ್ ಅಂದ್ರ ಇದು" ಅಂತ ಎಷ್ಟು ಸಲ ಕೇಳಿಸಿದ್ದಾರೋ.

ಆ ರಾತ್ರಿ ಅವರು ಸಮಾಧಾನ ಹೇಳ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. "ರನ್ ಕಡಿಮಿ ಆಗ್ಯಾವ, ಖರೇ. ಹೊಸಾ ಬಾಲ್ ಇನ್ನ ನಿನ್ನ ಕೈಯಾಗ ಕೆಲಸ ಮಾಡೂದಿಲ್ಲ, ಬಿಟ್ಟುಬಿಡು. ಪಾಯಿಂಟ್‌ನ್ಯಾಗೂ ನಿಂದ್ರಬ್ಯಾಡ, ಸ್ಲಿಪ್ಪಿಗೆ ಹೋಗು." ಅಂದರೆ ಓಡಾಟ ಜಾಸ್ತಿ ಇರೋ ಜಾಗ ಬಿಟ್ಟು ಕೀಪರ್ ಪಕ್ಕ ನಿಲ್ಲು ಅಂತ. ಆಮೇಲೆ ಪುಟ ತಿರುಗಿಸಿ ಬೆರಳಿಟ್ಟರು. ನಾನು ಆಡೋಕೆ ಇಳಿದಾಗ ಬಿದ್ದಿದ್ದ ವಿಕೆಟ್ ಎಷ್ಟು? ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು. ಮಧ್ಯದ ಓವರುಗಳಲ್ಲಿ ಆರು ಚುಕ್ಕಿ ಸೇರಿಸಿ ಎಂ ಅಕ್ಷರ ಮಾಡಿದ್ದು, ಅಂದರೆ ಮೇಡನ್, ಯಾರ ಸಾಲಲ್ಲಿ ಜಾಸ್ತಿ ಇದೆ? ಬೆರಳು ನನ್ನ ಹೆಸರಿನ ಮುಂದೆಯೇ ನಿಂತಿತ್ತು.

ಬರೀ ಬ್ಯಾಟ್ಸ್‌ಮನ್ ಆಗಿ ತಂಡಕ್ಕೆ ಬರ್ತಾನಾ, ಬರೀ ಬೌಲರ್ ಆಗಿ ಬರ್ತಾನಾ ಅಂತ ಕೇಳೋದು ಆಲ್‌ರೌಂಡರ್‌ಗೆ ಹಳೇ ಪರೀಕ್ಷೆ. ಎರಡರಲ್ಲೂ ನಾನು ಫೇಲು, ಸುಳ್ಳು ಯಾಕೆ ಹೇಳಲಿ? ಕಾಕಾ ನೋಡಿದ್ದು ಬೇರೆ ಲೆಕ್ಕ. ನಾನು ಆರು ಓವರ್ ಹಾಕಿದರೆ ಕ್ಯಾಪ್ಟನ್ ಇನ್ನೊಬ್ಬ ಬ್ಯಾಟ್ಸ್‌ಮನ್‌ನ ಆಡಿಸಬಹುದು. ಹಾಕದಿದ್ದರೆ ನಾನು ಬರೀ ನಿಧಾನಕ್ಕೆ ಸಿಂಗಲ್ ಓಡೋ ಆರನೇ ನಂಬರಿನವನು. 2023ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಆಲ್‌ರೌಂಡರ್ ಸ್ಟೋಕ್ಸ್ ಮೊಣಕಾಲಿನಿಂದಾಗಿ ಬೌಲಿಂಗ್ ಮಾಡದೆ ಬರೀ ಬ್ಯಾಟ್ ಹಿಡಿದು ಆಡಿದ್ದ. ಅಂಥವನನ್ನು ಹಾಗೂ ಆಡಿಸಬಹುದು, ನನ್ನನ್ನು ಆಡಿಸೋಕಾಗಲ್ಲ. "ಆರು ಓವರ್ ಹಾಕಾಕಾದ್ರ ಆಡು. ಆಗದಿದ್ರ ನಾನ ನಿನ್ನ ಹೆಸರು ಹೊಡದ ಹಾಕ್ತೇನಿ." ಕಮಿಟಿ ಮುಂದೆಯೂ ಇಷ್ಟನ್ನೇ ಹೇಳಿದರಂತೆ. ನನ್ನ ಹಳೇ ಸೆಂಚುರಿಗಳ ಸುದ್ದಿ ಎತ್ತಲಿಲ್ಲವಂತೆ. ಅದಕ್ಕೇ ಅವರ ಮಾತು ನಡೀತು ಅನ್ಸುತ್ತೆ.

ಬೆಳಗಾಗೋ ಹೊತ್ತಿಗೆ ಮಾತು ಜಡೇಜಾ ಕಡೆ ಹೋಗಿತ್ತು. 2022ರಲ್ಲಿ ಅವನಿಗೂ ಮೊಣಕಾಲಿನ ಆಪರೇಷನ್. 2023ರ ಜನವರಿಯಲ್ಲಿ ಚೆನ್ನೈನಲ್ಲಿ ರಣಜಿ ಆಡಿ ಒಂದೇ ಇನಿಂಗ್ಸಲ್ಲಿ ಏಳು ವಿಕೆಟ್ ತೆಗೆದ. ಆಮೇಲೆ ಆಸ್ಟ್ರೇಲಿಯಾ ಮೇಲೆ ನಾಗ್ಪುರ ಟೆಸ್ಟಲ್ಲಿ ಮೊದಲ ಇನಿಂಗ್ಸಲ್ಲೇ ಐದು ವಿಕೆಟ್, 70 ರನ್. "ಮೊದಲ ಸಣ್ಣ ಮ್ಯಾಚ್ ಆಡಿ ನೋಡ್ಕೊಂಡ. ನೀನೂ ಹಂಗ ಮಾಡು" ಅಂದರು. ಹಾಗೇ ಮಾಡಿದೆ. ಇಂಗ್ಲೆಂಡ್ ಮೇಲೆ 2025ರ ಲಾರ್ಡ್ಸ್ ಟೆಸ್ಟ್ ಬಗ್ಗೆ ಮಾತ್ರ ಕಾಕಾಗೂ ನನಗೂ ಇವತ್ತಿಗೂ ಜಗಳ. ಜಡೇಜಾ 181 ಬಾಲ್ ಆಡಿ 61 ಹೊಡೆದು ನಾಟ್‌ಔಟ್ ಉಳಿದ, ನಾವು 22 ರನ್ನಿಂದ ಸೋತೆವು. ಬೀಸಿ ಆಡಬೇಕಿತ್ತು ಅಂತಾರೆ ಕಾಕಾ. ಇನ್ನೊಂದು ತುದಿಯಲ್ಲಿ ಬುಮ್ರಾ, ಸಿರಾಜ್ ಇದ್ದಾಗ ಬೀಸಿ ಔಟಾಗಿದ್ದರೆ ಆ 22ರ ಹತ್ತಿರಕ್ಕಾದರೂ ಬರ್ತಿದ್ದೆವಾ? ಮೂವತ್ತಾರರ ಆಲ್‌ರೌಂಡರ್‌ನ ಇಟ್ಟುಕೊಳ್ಳೋದೇ ಅಂಥ ಮಧ್ಯಾಹ್ನಕ್ಕೆ, ಅಲ್ವಾ?

ನೆಟ್ಸ್‌ನಲ್ಲಿ ಆರು ಓವರ್ ಹಾಕಿ ತೋರಿಸಿದ ದಿನ ಕಾಕಾ ಪುಸ್ತಕದಲ್ಲಿ ಚುಕ್ಕಿ ಇಡ್ತಾ ಕೂತಿದ್ದರು. ಎರಡು ವೈಡ್ ಹಾಕಿದ್ದೆ, ಅವನ್ನೂ ಬಿಡದೆ ಬರೆದುಕೊಂಡರು.

ಹೊಸ ಬಾಲ್ ಈ ಸಲ ನಮ್ಮ ಎಡಗೈ ಹುಡುಗನದು. ಅವನಿಗೆ ಸ್ಲಿಪ್ಪಿನಿಂದ ಬೇಡ ಅಂದರೂ ಸಲಹೆ ಕೊಡ್ತೀನಿ, ಸಹಿಸ್ಕೋಬೇಕು. ಮುಂದಿನ ವರ್ಷ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದಿದ್ದರೆ ಯಾರೂ ನನಗೆ ಫೋನ್ ಮಾಡಿ ಮರುಗಬೇಡಿ, ಕಾಕಾ ಲೆಕ್ಕ ಹಾಕಿರ್ತಾರೆ.

ಈ ಭಾನುವಾರ ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರಿಗೂ ಗಿರ್ಮಿಟ್, ಮಿರ್ಚಿ ನನ್ನ ಖರ್ಚಲ್ಲಿ. ಕಾಕಾಗೆ ಮಾತ್ರ ಮಿರ್ಚಿ ಕೊಡಬೇಡಿ, ಕಾಕೂ ನನಗೆ ಬೈತಾರೆ.