ಬಸುರಿಯರ ಕ್ಯಾಲ್ಸಿಯಂ ರಿಪೋರ್ಟಿನಲ್ಲಿ ಅಲ್ಬುಮಿನ್ ಕೂಡ ಇರಲಿ

ಸಂಪಾದಕರಿಗೆ ನಮಸ್ಕಾರ,

ತಂಗಿಯ ಕುಬಸಕ್ಕೆ ಇನ್ನು ಮೂರೇ ದಿನ ಇತ್ತು. ಆಗ ಬಂತು ರಕ್ತ ಪರೀಕ್ಷೆಯ ರಿಪೋರ್ಟ್. ಕ್ಯಾಲ್ಸಿಯಂ 8.2, ಪಕ್ಕದಲ್ಲಿ ಕೆಳಮುಖದ ಬಾಣ. ‘ಕೂಸಿನ ಎಲುಬು ಗಟ್ಟಿ ಆಗೂದಿಲ್ಲೇನ?’ ಅಂತ ಅವ್ವ ಅಳೋಕೆ ಶುರು ಮಾಡಿದಳು. ಬಳೆ ಇಡಿಸಲು ಬಂದವರು ಗುಳಿಗೆ ಎರಡರ ಬದಲು ನಾಲ್ಕು ನುಂಗು ಅಂದರು.

ಡಾಕ್ಟರ್ ಮಾತ್ರ ಎರಡನೇ ಹಾಳೆ ತಿರುವಿ, ರಕ್ತದ ಒಂದು ಪ್ರೋಟೀನ್ ಆದ ಅಲ್ಬುಮಿನ್ 3.1 ಅಂತ ಇದ್ದ ಕಡೆ ಬೆರಳಿಟ್ಟರು. ರಕ್ತದಲ್ಲಿರುವ ಕ್ಯಾಲ್ಸಿಯಂ ಎಲ್ಲ ಬಿಡಿಯಾಗಿ ಓಡಾಡುವುದಿಲ್ಲ, ಶೇ 40ರಷ್ಟು ಪ್ರೋಟೀನಿಗೆ, ಅದರಲ್ಲೂ ಜಾಸ್ತಿ ಅಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಬಸುರಿಯಲ್ಲಿ ರಕ್ತದ ನೀರಿನಂಶ ಹೆಚ್ಚಿ ಅಲ್ಬುಮಿನ್ ತೆಳುವಾಗುತ್ತದೆ, ಹಾಗಾಗಿ ಒಟ್ಟು ಲೆಕ್ಕವೂ ಇಳಿದಂತೆ ಕಾಣುತ್ತದೆ. ಮೈ ಬಳಸೋದು ಬಿಡಿ ಕ್ಯಾಲ್ಸಿಯಂ. ಅದು ಸಾಮಾನ್ಯವಾಗಿ ಮೊದಲಿನಷ್ಟೇ ಇರುತ್ತದೆ. ಅಲ್ಬುಮಿನ್ 4ಕ್ಕಿಂತ 1 ಕಡಿಮೆಯಾದರೆ ಕ್ಯಾಲ್ಸಿಯಂಗೆ 0.8 ಕೂಡಿಸಬೇಕಂತೆ. ಹಾಳೆಯ ಅಂಚಿನಲ್ಲೇ ಲೆಕ್ಕ ಹಾಕಿದರು, 8.9 ಬಂತು. ಇದು ಅಂದಾಜು, ಖಚಿತ ಬೇಕಂದರೆ ಬಿಡಿ ಕ್ಯಾಲ್ಸಿಯಂ ಅನ್ನಷ್ಟೇ ಅಳೆಯುವ ಅಯಾನೈಸ್ಡ್ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ ಅಂದರು. ಮಾಡಿಸಿದೆವು, ಸರಿಯಾಗಿಯೇ ಇತ್ತು.

ಕೂಸಿನ ಕಡೆಯ ವ್ಯವಸ್ಥೆ ಕೇಳಿ ನನಗೆ ಇನ್ನೂ ಬೆರಗಾಯಿತು. ಹುಟ್ಟುವ ಹೊತ್ತಿಗೆ ಅದರ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ಸೇರಿದ್ದು. ಮಾಸು ಅದನ್ನು ತಾಯಿಯ ರಕ್ತದಿಂದ ಎಳೆದು ದಾಟಿಸುತ್ತದೆ, ಅದೂ ಕೂಸಿನ ರಕ್ತದಲ್ಲಿ ತಾಯಿಗಿಂತ ಜಾಸ್ತಿ ಇರುವಂತೆ. ಅಷ್ಟು ಸುಣ್ಣ ರಕ್ತದಲ್ಲೇ ಗಟ್ಟಿಯಾಗಿಬಿಟ್ಟರೆ? ಅದಕ್ಕೇ ಫೆಟುಯಿನ್ ಅನ್ನೋ ಪ್ರೋಟೀನ್ ಕೂಸಿನ ರಕ್ತದಲ್ಲಿ ಧಾರಾಳವಾಗಿದೆ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಹರಳುಗಟ್ಟಲು ಹೊರಟರೆ ಆ ಕಣಗಳನ್ನೇ ಸುತ್ತಿಕೊಂಡು, ನಾಳದಲ್ಲಿ ಕೂರದಂತೆ ನೋಡಿಕೊಳ್ಳುತ್ತದೆ.

ಹಾಗಂತ ಗುಳಿಗೆ ಬಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕನೇ ತಿಂಗಳಿಂದ ಕೊಡುವ 500 ಮಿಲಿಗ್ರಾಂನ ಎರಡು ಗುಳಿಗೆ ದಿನಾ ಬೇಕೇ ಬೇಕು, ಕಬ್ಬಿಣದ ಗುಳಿಗೆಯ ಜೊತೆ ಮಾತ್ರ ನುಂಗಬಾರದು, ಎರಡು ತಾಸು ಬಿಡಬೇಕು. ನಮ್ಮ ತಂಗಿ ಎರಡನ್ನೂ ಒಟ್ಟಿಗೇ ನುಂಗುತ್ತಿದ್ದಳು, ಯಾರೂ ಹೇಳಿರಲಿಲ್ಲ.

ಹುಬ್ಬಳ್ಳಿ-ಧಾರವಾಡ, ಗದಗದ ಲ್ಯಾಬಿನವರಿಗೆ ನನ್ನದೊಂದು ಬೇಡಿಕೆ. ಬಸುರಿಯರ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಪಕ್ಕದಲ್ಲೇ ಅಲ್ಬುಮಿನ್ ಹಾಕಿ, ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಆ ಬಾಣ ನೋಡಿ ನಮ್ಮವ್ವ ಎರಡು ರಾತ್ರಿ ನಿದ್ದೆ ಮಾಡಿಲ್ಲ.

– ಓದುಗ, ಬೆಟಗೇರಿ, ಗದಗ